ನೇರಳೆ ಏರದಿದ್ದರೆ: ಕ್ರೌನ್ ಈಥರ್ ಪ್ರಯೋಗದ ದೋಷ ನಿವಾರಣೆ

ಏಪ್ರಿಲ್ ತಿಂಗಳು, ಬಳ್ಳಾರಿ. ಹೊರಗೆ ಬಿಸಿಲು 40 ಡಿಗ್ರಿ ದಾಟಿತ್ತು, ಲ್ಯಾಬ್ ಒಳಗೂ ಅದಕ್ಕಿಂತ ಬಹಳ ಕಡಿಮೆ ಏನಿರಲಿಲ್ಲ. ಎಂ.ಎಸ್ಸಿ. ಹುಡುಗರಿಗೆ ಒಂದು ಚಿಕ್ಕ ಪ್ರಯೋಗ ತೋರಿಸಬೇಕಿತ್ತು. ಪೊಟ್ಯಾಸಿಯಂ ಪರ್‌ಮ್ಯಾಂಗನೇಟ್ ಟೊಲುಯಿನ್ ಎಂಬ ದ್ರಾವಕದಲ್ಲಿ ಕರಗುವುದಿಲ್ಲ. ಹರಳು ತಳದಲ್ಲಿ ಸುಮ್ನೆ ಬಿದ್ದಿರುತ್ತದೆ, ಮೇಲಿನ ದ್ರವ ತಿಳಿನೀರಿನ ಹಾಗೆ ಇರುತ್ತದೆ. ಅದಕ್ಕೆ ಒಂದು ಅಕ್ಕಿಕಾಳಿನಷ್ಟು 18-ಕ್ರೌನ್-6 (ಉಂಗುರದ ಆಕಾರದ ಒಂದು ಕ್ರೌನ್ ಈಥರ್) ಹಾಕಿ ಅಲುಗಾಡಿಸಿದರೆ ಇಡೀ ಟ್ಯೂಬು ನೇರಳೆ ಹಣ್ಣು ಹಿಂಡಿದಂತೆ ಆಗಬೇಕು.

ಆಗಲಿಲ್ಲ. "ಬಣ್ಣ ಬರವಲ್ದು ಸರ್" ಅಂತ ಮೂರು ಬೆಂಚಿನಿಂದ ಒಟ್ಟಿಗೆ ದನಿ ಬಂತು. ಕ್ರೌನ್ ಸೀಸೆ ತೆಗೆದು ನೋಡಿದರೆ ಒಳಗೆ ಬಿಳಿ ಹರಳೇ ಇಲ್ಲ, ಎಣ್ಣೆಯಂಥ ದ್ರವ. ಅಷ್ಟು ಸಾಕಾಯಿತು, ಎಲ್ಲರೂ ಸೀಸೆಯ ಮೇಲೆ ಗೂಬೆ ಕೂರಿಸಿದರು. ಕೆಟ್ಟು ಹೋಗಿದೆ, ಚೆಲ್ಲಿಬಿಡೋಣ ಅಂದರು. ಅವತ್ತು ಚೆಲ್ಲಲಿಲ್ಲ, ಒಳ್ಳೇದಾಯಿತು. ದೋಷ ಸೀಸೆಯದಾಗಿರಲಿಲ್ಲ.

ಈ ಪ್ರಯೋಗ ಎಲ್ಲೆಲ್ಲಿ ಕೈಕೊಡುತ್ತದೆ, ಕಾರಣ ಹುಡುಕುವುದು ಹೇಗೆ ಅಂತ ನನ್ನ ಅನುಭವದಿಂದ ಬರೆಯುತ್ತಿದ್ದೇನೆ. ಸಾಮಾನು ದುಬಾರಿ. ಒಂದು ಸೀಸೆ ತರಿಸಲು ತಿಂಗಳುಗಟ್ಟಲೆ ಕಾಯುವ ಕಾಲೇಜುಗಳು ನಮ್ಮ ಕಡೆ ಬಹಳ. ಅನುಮಾನದ ಮೇಲೆ ಅದನ್ನು ಚೆಲ್ಲಬಾರದು.

ಉಂಗುರ ಮಾಡುವ ಕೆಲಸ

ದೋಷ ಹುಡುಕುವ ಮೊದಲು ಇಷ್ಟು ತಿಳಿದಿರಬೇಕು. 18-ಕ್ರೌನ್-6 ಅಂದರೆ 18 ಪರಮಾಣುಗಳ ಉಂಗುರ. ಅದರಲ್ಲಿ 12 ಇಂಗಾಲ, 6 ಆಮ್ಲಜನಕ. ತಲೆಯ ಮೇಲೆ ಕೊಡ ಹೊರುವಾಗ ಬಟ್ಟೆ ಸುತ್ತಿ ಸಿಂಬಿ ಮಾಡಿಕೊಳ್ಳುತ್ತಾರಲ್ಲ, ಹಾಗೆ. ಕೊಡದ ಬದಲು ಇಲ್ಲಿ ಕೂರುವುದು ಪೊಟ್ಯಾಸಿಯಂ ಅಯಾನು. ಆರೂ ಆಮ್ಲಜನಕಗಳು ತಮ್ಮ ಎಲೆಕ್ಟ್ರಾನ್ ಜೋಡಿಗಳನ್ನು ಒಳಮುಖ ಮಾಡಿ ಆ ಧನ ಅಯಾನನ್ನು ಹಿಡಿದುಕೊಳ್ಳುತ್ತವೆ. ಹೊರಗಡೆ ಉಳಿಯುವುದು ಬರೀ ಇಂಗಾಲ, ಹೈಡ್ರೋಜನ್. ಅಂದರೆ ಹೊರಮೈ ಎಣ್ಣೆಯ ಗುಣದ್ದು. ಹಾಗಾಗಿ ಟೊಲುಯಿನ್ ಅದನ್ನು ತನ್ನವನೇ ಅಂತ ಒಳಗೆ ಬಿಟ್ಟುಕೊಳ್ಳುತ್ತದೆ. ಪೊಟ್ಯಾಸಿಯಂ ಹೊರಟ ಮೇಲೆ ಪರ್‌ಮ್ಯಾಂಗನೇಟ್ ಒಂದೇ ಹಿಂದೆ ಉಳಿಯಲು ಆಗುವುದಿಲ್ಲ, ಧನದ ಬೆನ್ನಿಗೆ ಋಣ ಹೋಗಲೇಬೇಕು. ನಮಗೆ ಕಾಣುವ ನೇರಳೆ ಆ ಹಿಂಬಾಲಕನದು.

ಸಿಂಬಿಯ ತೂತು ಸುಮಾರು 2.6ರಿಂದ 3.2 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಪಾಲು). ಪೊಟ್ಯಾಸಿಯಂ ಅಯಾನಿನ ಅಡ್ಡಳತೆ ಸುಮಾರು 2.7. ನಡುವಿಗೆ ಸರಿಯಾಗಿ ಕೂರುತ್ತದೆ. ಸೋಡಿಯಂ ಚಿಕ್ಕದು, ಉಂಗುರ ಮಡಚಿಕೊಂಡು ಅದನ್ನು ಸುತ್ತಬೇಕಾಗುತ್ತದೆ. ಸೀಸಿಯಂ ದೊಡ್ಡದು, ಚಿಕ್ಕ ಸಿಂಬಿಯ ಮೇಲೆ ದೊಡ್ಡ ಕೊಡ ಇಟ್ಟಂತೆ ಮೇಲೆಯೇ ಕೂರುತ್ತದೆ. ಇನ್ನೊಂದು ಮಾತು ಪುಸ್ತಕದ ಚಿತ್ರ ನೋಡಿದವರಿಗೆ ಹೊಳೆಯುವುದಿಲ್ಲ: ಖಾಲಿ ಉಂಗುರ ದುಂಡಗೆ ಇರುವುದಿಲ್ಲ. ತನ್ನದೇ ಇಂಗಾಲಗಳನ್ನು ಒಳಗೆ ತೂರಿಸಿಕೊಂಡು ಮುದುಡಿರುತ್ತದೆ. ಅಯಾನು ಬಂದ ಮೇಲೆಯೇ ಕಿರೀಟದ ಆಕಾರಕ್ಕೆ ಅರಳುತ್ತದೆ.

ಈಗ ನೀರಿನ ವಿಷಯ. ಇಡೀ ಬರಹದಲ್ಲಿ ಒಂದೇ ಒಂದು ಅಂಕಿ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. 18-ಕ್ರೌನ್-6 ಪೊಟ್ಯಾಸಿಯಂ ಹಿಡಿಯುವ ಸ್ಥಿರಾಂಕ, ಅಂದರೆ ಹಿಡಿತ ಎಷ್ಟು ಬಿಗಿ ಅಂತ ಹೇಳುವ ಅಂಕಿ, ಮೆಥನಾಲ್‌ನಲ್ಲಿ ಸುಮಾರು 10 ಲಕ್ಷ. ನೀರಿನಲ್ಲಿ ಸುಮಾರು 100. ಹತ್ತು ಸಾವಿರ ಪಟ್ಟು ವ್ಯತ್ಯಾಸ! ಉಂಗುರ ಅದೇ, ಅಯಾನೂ ಅದೇ. ನೀರು ಪೊಟ್ಯಾಸಿಯಂ ಅನ್ನು ತಾನೇ ಸುತ್ತುವರಿದು ಹಿಡಿದಿಟ್ಟುಕೊಳ್ಳುತ್ತದೆ, ಉಂಗುರದ ಆಮ್ಲಜನಕಗಳಿಗೂ ಅಂಟಿಕೊಳ್ಳುತ್ತದೆ. ಈ ಪ್ರಯೋಗದಲ್ಲಿ ನಾನು ಕಂಡ ದೋಷಗಳಲ್ಲಿ ಜಾಸ್ತಿ ಪಾಲು ಹಿಡಿದುಕೊಂಡು ಹೋದರೆ ಕೊನೆಗೆ ನೀರಿಗೇ ಮುಟ್ಟುತ್ತವೆ.

ಸೀಸೆಯಲ್ಲಿ ಹರಳು ಹೋಗಿ ಎಣ್ಣೆಯಾಗಿದೆ

ಇದು ದೋಷವೇ ಅಲ್ಲ. 18-ಕ್ರೌನ್-6 ಕರಗುವ ಬಿಂದು 37ರಿಂದ 40 ಡಿಗ್ರಿ. ತಣ್ಣನೆಯ ಊರಲ್ಲಿ ಬರೆದ ಪುಸ್ತಕದಲ್ಲಿ ಅದು "ಬಿಳಿ ಹರಳು". ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಿ ಅದು ಎಣ್ಣೆಯೇ. ತುಪ್ಪ ಚಳಿಗಾಲದಲ್ಲಿ ಗಟ್ಟಿ, ಬೇಸಿಗೆಯಲ್ಲಿ ತಿಳಿ ಇರುವುದಿಲ್ಲವಾ, ಅದೇ ಲೆಕ್ಕ.

ಪರೀಕ್ಷೆ ಸುಲಭ. ಮುಚ್ಚಳ ಬಿಗಿಮಾಡಿ ಸೀಸೆಯನ್ನು ಫ್ರಿಜ್‌ನಲ್ಲಿ ಒಂದು ಗಂಟೆ ಇಡಿ. ಪೂರ್ತಿ ಬೆಳ್ಳಗೆ ಗಟ್ಟಿಯಾದರೆ ಚಿಂತೆ ಬೇಡ. ಗಟ್ಟಿ ಮುದ್ದೆಯ ಸುತ್ತ ದ್ರವ ಉಳಿದರೆ, ಅಥವಾ ಒದ್ದೆ ಸಕ್ಕರೆಯ ಹಾಗೆ ಜಿಗುಟಾಗಿದ್ದರೆ, ಒಳಗೆ ನೀರು ಸೇರಿರುವ ಅನುಮಾನ ಪಡಬಹುದು. ಈ ವಸ್ತು ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ.

ಹೊರಗೆ ತೆಗೆದ ಮೇಲೆ ಒಂದು ಎಚ್ಚರ ಇದೆ. ಸೀಸೆ ಕೋಣೆಯ ಬಿಸಿಗೆ ಬರುವ ತನಕ ಮುಚ್ಚಳ ತೆಗೆಯಬಾರದು. ತಣ್ಣನೆಯ ಗಾಜಿನ ಮೇಲೆ ಹನಿ ಕೂರುವುದನ್ನು ನೀವು ನೋಡಿರುತ್ತೀರಿ. ಮುಚ್ಚಳ ತೆಗೆದಿದ್ದರೆ ಅದೇ ಹನಿ ಒಳಗೂ ಕೂರುತ್ತದೆ. ನಮ್ಮಲ್ಲಿ ಏಪ್ರಿಲ್‌ನಲ್ಲಿ ಚೆನ್ನಾಗಿದ್ದ ಸೀಸೆ ಆಗಸ್ಟ್ ಹೊತ್ತಿಗೆ ನಿಜವಾಗಿಯೂ ಒದ್ದೆಯಾಗಿತ್ತು. ಕಾರಣ ಇಷ್ಟೇ: ಫ್ರಿಜ್‌ನಿಂದ ತೆಗೆದು, ಅವಸರದಲ್ಲಿ ಮುಚ್ಚಳ ತೆರೆದು, ತೂಕ ಮಾಡಿ, ಮತ್ತೆ ಒಳಗಿಡುವುದು. ಹತ್ತು ಸಲ ಹಾಗೆ ಮಾಡಿದ್ದೆವು.

ಅರ್ಧ ಕರಗಿದ ಸೀಸೆಯಿಂದ ತೂಕ ಮಾಡಬೇಡಿ. ಕರಗಿದ ಭಾಗದಲ್ಲಿ ಕಲ್ಮಶವೂ ನೀರೂ ಜಾಸ್ತಿ ಇರುತ್ತವೆ, ಗಟ್ಟಿ ಭಾಗದಲ್ಲಿ ಕಡಿಮೆ. ಇವತ್ತಿನ ತೂಕಕ್ಕೂ ನಾಳಿನ ತೂಕಕ್ಕೂ ತಾಳೆಯೇ ಆಗುವುದಿಲ್ಲ. ಮುಚ್ಚಿದ ಸೀಸೆಯನ್ನು 45 ಡಿಗ್ರಿ ನೀರಿನಲ್ಲಿ ನಿಲ್ಲಿಸಿ, ಪೂರ್ತಿ ಕರಗಿಸಿ, ಮೆಲ್ಲಗೆ ತಿರುಗಿಸಿ ಬೆರೆಸಿ ತೆಗೆಯಿರಿ. ಒಂದೇ ಸಲ ಚಿಕ್ಕ ಚಿಕ್ಕ ಶೀಶೆಗಳಿಗೆ ಹಂಚಿಟ್ಟರೆ ಇನ್ನೂ ಒಳ್ಳೆಯದು.

ಒದ್ದೆಯಾದದ್ದನ್ನು ಸರಿಮಾಡಲು ಹಳೆಯ ದಾರಿ ಅಸಿಟೋನೈಟ್ರೈಲ್. ಬೆಚ್ಚಗಿನ ಅಸಿಟೋನೈಟ್ರೈಲ್‌ನಲ್ಲಿ ಕರಗಿಸಿ ತಣಿಸಿದರೆ ಕ್ರೌನ್ ಅದರ ಜೊತೆ ಸೇರಿ ಬಿಳಿ ಹರಳಾಗಿ ಇಳಿಯುತ್ತದೆ. ಸೋಸಿ, ವ್ಯಾಕ್ಯೂಮ್‌ನಲ್ಲಿ ಇಟ್ಟರೆ ಅಸಿಟೋನೈಟ್ರೈಲ್ ಹೊರಟುಹೋಗಿ ಕ್ರೌನ್ ಉಳಿಯುತ್ತದೆ. ಬಿಸಿಮಾಡಿ ಬಟ್ಟಿ ಇಳಿಸುವ ಗೋಜಿಗೆ ಮಾತ್ರ ಹೋಗಬೇಡಿ. ಹಾಗೆ ಮಾಡುವಾಗ ಸ್ಫೋಟ ಆದದ್ದಿದೆ. ಈಥರ್ ಜಾತಿಯ ಬಹಳಷ್ಟು ವಸ್ತುಗಳು ಹಳತಾದಂತೆ ಪೆರಾಕ್ಸೈಡ್ ಕಟ್ಟಿಕೊಳ್ಳುತ್ತವೆ ಅನ್ನುವುದನ್ನೂ ಮರೆಯಬಾರದು. ಕೈಗವಸು ಹಾಕಿಕೊಳ್ಳಿ, ಕ್ರೌನ್ ಈಥರ್ ಮೈಗೆ ಒಳ್ಳೆಯದಲ್ಲ.

ಬಣ್ಣ ಬರುವುದೇ ಇಲ್ಲ, ಬಂದರೂ ತೆಳು ಗುಲಾಬಿ

ನಮ್ಮ ಏಪ್ರಿಲ್ ಟ್ಯೂಬಿನ ಕತೆ ಇದೇ. ಹುಡುಗರು ಪರ್‌ಮ್ಯಾಂಗನೇಟನ್ನು ಮೊದಲು ನೀರಿನಲ್ಲಿ ಕರಗಿಸಿಕೊಂಡು, ಅದರ ಮೇಲೆ ಟೊಲುಯಿನ್ ಸುರಿದು, ಕ್ರೌನ್ ಹಾಕಿ ಅಲುಗಾಡಿಸಿದ್ದರು. ನೋಡಲು ಚೆಂದ, ಎರಡು ಪದರ ಎದ್ದು ಕಾಣುತ್ತದೆ. ಆದರೆ 18-ಕ್ರೌನ್-6 ನೀರಿನಲ್ಲಿ ಬಹಳ ಚೆನ್ನಾಗಿ ಕರಗುತ್ತದೆ. ಎರಡೂ ಪದರ ಎದುರಿಗಿದ್ದರೆ ಟೊಲುಯಿನ್ ಬಿಟ್ಟು ನೀರಿನ ಕಡೆಗೇ ವಾಲುತ್ತದೆ. ಅಲ್ಲಿ ಹೋದ ಮೇಲೆ ಅದರ ಹಿಡಿತವೂ ಸಡಿಲ. ಮೇಲಿನ ಪದರಕ್ಕೆ ತೆಳು ಗುಲಾಬಿ ಬಿಟ್ಟು ಏನೂ ಬರಲಿಲ್ಲ.

ನೀರು ಬಿಟ್ಟು ಗಟ್ಟಿ ಹರಳಿನಿಂದಲೇ ಮಾಡಿದೆವು. ಒಣಗಿದ ಟ್ಯೂಬು, 10 ಮಿಲಿ ಟೊಲುಯಿನ್, 15 ಮಿಲಿಗ್ರಾಂ ಪರ್‌ಮ್ಯಾಂಗನೇಟ್, 25 ಮಿಲಿಗ್ರಾಂ ಕ್ರೌನ್. ಈ ತೂಕದಲ್ಲಿ ಎರಡೂ ಒಂದಕ್ಕೊಂದು ಸಮ ಆಗುತ್ತವೆ, ಒಂದು ಅಯಾನಿಗೆ ಒಂದು ಉಂಗುರ. ಮೊದಲು ಹರಳಿನ ಸುತ್ತ ಒಂದು ನೇರಳೆ ಎಳೆ ಎದ್ದಿತು, ಹೊಗೆಯ ಹಾಗೆ. ಅಲುಗಾಡಿಸಿದಂತೆ ಅದು ಮೇಲಕ್ಕೆ ಹರಡಿ ಇಡೀ ಟ್ಯೂಬು ಗಾಢವಾಯಿತು. ಅದೇ ಸೀಸೆಯ ಅದೇ "ಕೆಟ್ಟ" ಎಣ್ಣೆ!

ಎರಡು ಪದರದಲ್ಲೇ ತೋರಿಸಬೇಕು ಅನ್ನುವವರು ಹೊರಮೈಗೆ ಎಣ್ಣೆಯ ಗುಣ ಜಾಸ್ತಿ ಇರುವ ಡೈಸೈಕ್ಲೋಹೆಕ್ಸಾನೊ-18-ಕ್ರೌನ್-6 ತರಿಸಲಿ. 1972ರಲ್ಲಿ ಬೆಂಜೀನ್‌ನಲ್ಲಿ ನೇರಳೆ ಬಣ್ಣ ವರದಿಯಾದದ್ದು ಅದರಿಂದಲೇ. ಬೆಂಜೀನ್ ನಮಗೆ ಬೇಡ, ಕ್ಯಾನ್ಸರ್ ತರುತ್ತದೆ. ಟೊಲುಯಿನ್ ಸಾಕು, ಅದೂ ಗಾಳಿ ಆಡುವ ಹುಡ್ ಕೆಳಗೆ.

ಗಟ್ಟಿ ಹರಳಿನಿಂದಲೂ ಬಣ್ಣ ಬರದಿದ್ದರೆ ಸೀಸೆಯ ಚೀಟಿ ಓದಿ. ನಗಬೇಡಿ, 12-ಕ್ರೌನ್-4 ಸೀಸೆ ಕೈಗೆ ಬಂದದ್ದು ನಾನೇ ನೋಡಿದ್ದೇನೆ. ಆ ತೂತಿಗೆ ಹೊಂದುವುದು ಲಿಥಿಯಂ, ಪೊಟ್ಯಾಸಿಯಂ ಅಲ್ಲ. ಟೊಲುಯಿನ್ ಅನ್ನು ಸೋಡಿಯಂ ಹಾಕಿ ಒಣಗಿಸುವ ಸಾಹಸ ಬೇಕಿಲ್ಲ. ಆದರೆ ತೊಳೆದು ಹಾಗೇ ತಂದ ಟ್ಯೂಬಿನ ಗೋಡೆಗೆ ನೀರಿನ ಹನಿ ಅಂಟಿರಬಾರದು.

ನೇರಳೆ ಬಂದು ಕಂದಾಗುತ್ತದೆ

ಇದು ಹಿಡಿಯಲು ಸ್ವಲ್ಪ ಕಷ್ಟದ ದೋಷ, ಅದಕ್ಕೇ ನನಗೆ ಇಷ್ಟ. ಕಂದು ಅಂದರೆ ಮ್ಯಾಂಗನೀಸ್ ಡೈಆಕ್ಸೈಡ್. ಸಂಡೂರಿನ ಬೆಟ್ಟಗಳಿಂದ ಲಾರಿಯಲ್ಲಿ ಬರುವ ಮ್ಯಾಂಗನೀಸ್ ಅದಿರೂ ಇದೇ ಬಳಗದ ಆಕ್ಸೈಡ್. ಪರ್‌ಮ್ಯಾಂಗನೇಟ್ ಯಾವುದನ್ನೋ ತಿಂದು ತಾನು ಇಳಿದಿದೆ ಅಂತ ಅರ್ಥ. ಏನನ್ನು ತಿಂದಿತು ಅನ್ನುವುದೇ ಪ್ರಶ್ನೆ.

ಟೊಲುಯಿನ್‌ನಲ್ಲಿ ಪರ್‌ಮ್ಯಾಂಗನೇಟನ್ನು ಸುತ್ತುವರಿಯಲು ನೀರು ಇಲ್ಲ. ಅದು ಬೆತ್ತಲೆ ಅಯಾನು, ಹಾಗಾಗಿ ನೀರಿನಲ್ಲಿ ಇದ್ದಾಗಿನದಕ್ಕಿಂತ ಚುರುಕು. ನಿಧಾನವಾಗಿ ಟೊಲುಯಿನ್ ಅನ್ನೇ ಬೆಂಜಾಯಿಕ್ ಆಮ್ಲ ಮಾಡುತ್ತದೆ. ಆದ್ದರಿಂದ ಕೆಲವು ಗಂಟೆಗಳ ಮೇಲೆ ಕಂದಾದರೆ ಅದು ಸಹಜ. ಕೋಣೆ ಕಾದಷ್ಟೂ ಬೇಗ. ಐದು ನಿಮಿಷದಲ್ಲೇ ಕಂದಾದರೆ ಮಾತ್ರ ದೋಷ.

ಮೂರು ಟ್ಯೂಬು ಇಡಿ. ಮೊದಲನೆಯದಕ್ಕೆ ಟೊಲುಯಿನ್ ಮತ್ತು ಪರ್‌ಮ್ಯಾಂಗನೇಟ್ ಮಾತ್ರ, ಕ್ರೌನ್ ಬೇಡ. ಎರಡನೆಯದಕ್ಕೆ ಮೂರೂ. ಮೂರನೆಯದಕ್ಕೂ ಮೂರೂ, ಆದರೆ ಹೊಸ ಸೀಸೆಯ ಟೊಲುಯಿನ್, ಮತ್ತು ಓವನ್‌ನಲ್ಲಿ ಒಣಗಿಸಿದ ಟ್ಯೂಬು. ಮೊದಲನೆಯದರಲ್ಲೇ ಹರಳಿನ ಸುತ್ತ ಕಂದು ಕಟ್ಟಿದರೆ ಟೊಲುಯಿನ್ ಅಥವಾ ಗಾಜು ಕೊಳಕು. ಎರಡನೆಯದು ಕಂದಾಗಿ ಮೂರನೆಯದು ನೇರಳೆಯಾಗಿಯೇ ಉಳಿದರೂ ತಪ್ಪು ಅದೇ ಎರಡರಲ್ಲಿ. ಹೊಸದರಲ್ಲೂ ಕಂದಾದರೆ ಆಗ ಕ್ರೌನ್ ಸೀಸೆಯನ್ನು ಅನುಮಾನಿಸಿ, ಅಸಿಟೋನೈಟ್ರೈಲ್ ದಾರಿ ಹಿಡಿಯಿರಿ.

ನಮ್ಮಲ್ಲಿ ಸಿಕ್ಕಿಬಿದ್ದದ್ದು ಗಾಜು. ಟ್ಯೂಬು ಬೇಗ ಒಣಗಲಿ ಅಂತ ಅಟೆಂಡರ್ ಅಣ್ಣ ಕೊನೆಯಲ್ಲಿ ಸ್ಪಿರಿಟ್ ಹಾಕಿ ತೊಳೆಯುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು, ಬೇರೆ ಪ್ರಯೋಗಕ್ಕೆ ಅದು ಸರಿಯೇ. ಆದರೆ ಉಳಿದ ಒಂದು ಹನಿ ಆಲ್ಕೋಹಾಲ್ ಇಡೀ ಟ್ಯೂಬಿನ ಪರ್‌ಮ್ಯಾಂಗನೇಟನ್ನು ಕಂದು ಮಾಡಲು ಸಾಕು. ಅವರಿಗೆ ಎರಡು ಟ್ಯೂಬು ಪಕ್ಕಪಕ್ಕ ಇಟ್ಟು ತೋರಿಸಿದೆ. ಅಂದಿನಿಂದ ಈ ಪ್ರಯೋಗದ ಟ್ಯೂಬುಗಳು ಬೇರೆ ತಟ್ಟೆಯಲ್ಲಿ, ಓವನ್‌ನಲ್ಲೇ ಒಣಗುತ್ತವೆ.

ಪರ್‌ಮ್ಯಾಂಗನೇಟನ್ನು ಅರೆಯಬೇಕಾದರೆ ಬೇರೆ ಏನೂ ಸೋಕದ ಸ್ವಚ್ಛ ಖಲ್ಲಿನಲ್ಲಿ, ಒಂಟಿಯಾಗಿ, ಮೆಲ್ಲಗೆ. ಕ್ರೌನ್ ಜೊತೆ ಸೇರಿಸಿ ಎಂದೂ ಅರೆಯಬೇಡಿ. ಪ್ರಯೋಗ ಮುಗಿದ ಮೇಲೆ ಸೋಡಿಯಂ ಬೈಸಲ್ಫೈಟ್ ದ್ರಾವಣ ಹಾಕಿ ಬಣ್ಣ ಕಳೆದು, ಟೊಲುಯಿನ್ ಪದರವನ್ನು ತ್ಯಾಜ್ಯದ ಕ್ಯಾನಿಗೆ ಹಾಕಿ. ಸಿಂಕಿಗೆ ಸುರಿಯುವುದು ಬೇಡ.

ಅಂಕಿ ಪುಸ್ತಕಕ್ಕೆ ಹೊಂದುವುದಿಲ್ಲ

ಹಿಡಿತದ ಸ್ಥಿರಾಂಕ ಅಳೆಯುವ ಪ್ರಾಜೆಕ್ಟ್ ಮಾಡುವವರಿಂದ ಬರುವ ದೂರು ಇದು. "15-ಕ್ರೌನ್-5 ಸೋಡಿಯಂಗೆ ಅಂತ ಪುಸ್ತಕದಲ್ಲಿದೆ, ನಮಗೆ ಮೆಥನಾಲ್‌ನಲ್ಲಿ 18-ಕ್ರೌನ್-6 ಕೊಟ್ಟ ಅಂಕಿಯೇ ದೊಡ್ಡದು ಬಂತು ಸರ್." ನಿಮ್ಮ ಅಂಕಿ ಸರಿ. ಮೆಥನಾಲ್‌ನಲ್ಲಿ 18-ಕ್ರೌನ್-6 ಸೋಡಿಯಂ ಅನ್ನು 15-ಕ್ರೌನ್-5ಗಿಂತ ಸುಮಾರು 10 ಪಟ್ಟು ಬಿಗಿಯಾಗಿ ಹಿಡಿಯುತ್ತದೆ. 15-ಕ್ರೌನ್-5ಗೆ ಸೋಡಿಯಂ, ಪೊಟ್ಯಾಸಿಯಂ ನಡುವೆ ಅಲ್ಲಿ ಹೆಚ್ಚು ಭೇದವೇ ಇಲ್ಲ. ತೂತಿನ ಅಳತೆ ಒಂದು ಕಾರಣ ಮಾತ್ರ. ಎಷ್ಟು ಆಮ್ಲಜನಕ ಕೈ ಹಾಕುತ್ತವೆ, ದ್ರಾವಕ ಅಯಾನನ್ನು ಎಷ್ಟು ಸುಲಭವಾಗಿ ಬಿಡುತ್ತದೆ, ಇವೂ ಲೆಕ್ಕಕ್ಕೆ ಬರುತ್ತವೆ. ಒಂದು ಪೊಟ್ಯಾಸಿಯಂ ಎರಡು 15-ಕ್ರೌನ್-5 ನಡುವೆ ರೊಟ್ಟಿಯ ನಡುವಿನ ಪಲ್ಯದ ಹಾಗೆ ಕೂರುವುದೂ ಉಂಟು.

ಆದರೆ ಸೋಡಿಯಂ ಅಂಕಿ ದಿನದಿಂದ ದಿನಕ್ಕೆ ಏರುತ್ತಾ ಹೋದರೆ ಅದು ದೋಷ. ಒಬ್ಬ ಹುಡುಗಿಗೆ ವಾರಪೂರ್ತಿ ಹೀಗಾಯಿತು. ಅವಳ ಬೀಕರು ನೋಡಿದೆ. ಸೋಡಿಯಂ ಕ್ಲೋರೈಡ್ ದ್ರಾವಣದಲ್ಲಿ ಪಿಎಚ್ ಎಲೆಕ್ಟ್ರೋಡ್ ರಾತ್ರಿಯಿಡೀ ನಿಂತಿತ್ತು. ಎಲೆಕ್ಟ್ರೋಡಿನ ಹೊಟ್ಟೆಯಲ್ಲಿ ಇರುವುದು ಗಾಢವಾದ ಪೊಟ್ಯಾಸಿಯಂ ಕ್ಲೋರೈಡ್, ಕೆಳಗಿನ ಸೂಕ್ಷ್ಮ ರಂಧ್ರದಿಂದ ಅದು ಸೋರುತ್ತಲೇ ಇರುತ್ತದೆ. ಜ್ವಾಲೆಯ ಬಣ್ಣದಿಂದ ಲೋಹ ಗುರುತಿಸುವ ಫ್ಲೇಮ್ ಫೋಟೋಮೀಟರಿನಲ್ಲಿ ಹಾಕಿದರೆ ಪೊಟ್ಯಾಸಿಯಂ ಮುಳ್ಳು ಎದ್ದು ನಿಂತಿತು. ಉಂಗುರಕ್ಕೆ ಸೋಡಿಯಂಗಿಂತ ಪೊಟ್ಯಾಸಿಯಂ ಎಷ್ಟೋ ಪಟ್ಟು ಪ್ರಿಯ, ಚೂರು ಸೋರಿದರೂ ಅದನ್ನೇ ಮೊದಲು ಹಿಡಿಯುತ್ತದೆ. ಪಿಎಚ್ ನೋಡಲೇಬೇಕಿದ್ದರೆ ಸ್ವಲ್ಪ ದ್ರಾವಣ ಬೇರೆ ತೆಗೆದು ನೋಡಿ, ಅದನ್ನು ವಾಪಸ್ ಸುರಿಯಬೇಡಿ. ಅಮೋನಿಯಂ ಅಯಾನೂ ಪೊಟ್ಯಾಸಿಯಂ ಗಾತ್ರದ್ದೇ, ಉಂಗುರಕ್ಕೆ ಅದೂ ಹೊಂದುತ್ತದೆ. ಪಕ್ಕದ ಬೆಂಚಿನಲ್ಲಿ ಅಮೋನಿಯಾ ಸೀಸೆ ತೆರೆದಿದ್ದರೆ ಮುಚ್ಚಿಸಿ.

ಕ್ರೌನ್ ಈಥರ್ ಸಿಕ್ಕಿದ್ದೇ ಒಂದು ಕಲ್ಮಶದಿಂದ. ಡುಪಾಂಟ್ ಕಂಪನಿಯಲ್ಲಿದ್ದ ಚಾರ್ಲ್ಸ್ ಪೆಡರ್ಸನ್ ಬೇರೇನೋ ಮಾಡಲು ಹೊರಟಿದ್ದರು. ಮೂಲವಸ್ತುವಿನಲ್ಲಿ ಕ್ಯಾಟೆಕಾಲ್ ಉಳಿದಿತ್ತು. ಅದರಿಂದ ನೂರಕ್ಕೆ 0.4ರಷ್ಟು ಬಿಳಿ ಹರಳು ಬಂತು. ಮೆಥನಾಲ್‌ನಲ್ಲಿ ಸರಿಯಾಗಿ ಕರಗದ ಆ ಹರಳು ಸೋಡಿಯಂ ಹೈಡ್ರಾಕ್ಸೈಡ್ ಹಾಕಿದ ಕೂಡಲೇ ಕರಗಿತು. ಸೋಡಿಯಂನ ಬೇರೆ ಲವಣ ಹಾಕಿದರೂ ಕರಗಿತು. ಅಂದರೆ ಕ್ಷಾರದ ಪ್ರಭಾವ ಅಲ್ಲ, ಸೋಡಿಯಂದೇ ಕೆಲಸ ಅಂತ ಅವರು ಹಿಡಿದರು. 1967ರಲ್ಲಿ ಪ್ರಕಟಿಸಿದರು. 1987ರಲ್ಲಿ ಡೊನಾಲ್ಡ್ ಕ್ರಾಮ್, ಝಾನ್-ಮರಿ ಲೆನ್ ಜೊತೆ ನೊಬೆಲ್ ಬಂತು. ಪೆಡರ್ಸನ್ ಪಿಎಚ್.ಡಿ. ಮಾಡಿದವರಲ್ಲ. ನಮ್ಮ ಮೂರು ಟ್ಯೂಬಿನ ಪರೀಕ್ಷೆಯಲ್ಲೂ ಇರುವುದು ಅವರು ಮಾಡಿದ ಕೆಲಸವೇ: ಕೆಲವನ್ನು ಹಾಗೇ ಇಟ್ಟು, ಉಳಿದದ್ದನ್ನು ಬದಲಿಸಿ ನೋಡುವುದು.

ಲೋಹವನ್ನೇ ಕರಗಿಸುವಾಗ ನೀಲಿ ನಿಲ್ಲುವುದಿಲ್ಲ

ಇಲ್ಲಿಯ ತನಕ ಹೇಳಿದ್ದು ಲವಣದ ಮಾತು. ಉಂಗುರ ಲೋಹದ ತುಂಡನ್ನೂ ಕರಗಿಸುತ್ತದೆ. ಇದನ್ನು ಪದವಿ ಕಾಲೇಜಿನ ಬೆಂಚಿನ ಮೇಲೆ ಮಾಡಬೇಡಿ, ಖಂಡಿತ ಬೇಡ. ಗಾಳಿ ಸೋಕದ ವ್ಯಾಕ್ಯೂಮ್ ಲೈನ್, ತಿಳಿದವರು ಪಕ್ಕದಲ್ಲಿ, ಎರಡೂ ಬೇಕು. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ನಾನು ನೋಡಿದ್ದನ್ನು, ಮುಂದೆ ಸಂಶೋಧನೆಗೆ ಹೋಗುವ ನಮ್ಮ ಹುಡುಗರಿಗಾಗಿ ಬರೆಯುತ್ತಿದ್ದೇನೆ.

ಪೊಟ್ಯಾಸಿಯಂ ಲೋಹ ಟೆಟ್ರಾಹೈಡ್ರೋಫ್ಯುರಾನ್‌ನಲ್ಲಿ ತೀರಾ ಕಡಿಮೆ ಕರಗುತ್ತದೆ. ಕ್ರೌನ್ ಸೇರಿಸಿದರೆ ಉಂಗುರ ಅಯಾನನ್ನು ಎಳೆದುಕೊಂಡು, ಅದು ಬಿಟ್ಟುಬಂದ ಎಲೆಕ್ಟ್ರಾನ್ ದ್ರಾವಕದಲ್ಲಿ ಉಳಿಯುತ್ತದೆ, ಇಲ್ಲವೇ ಇನ್ನೊಂದು ಪೊಟ್ಯಾಸಿಯಂ ಪರಮಾಣುವಿಗೆ ಅಂಟಿ ಋಣ ಪೊಟ್ಯಾಸಿಯಂ ಆಗುತ್ತದೆ. ದ್ರವ ಶಾಯಿಯಂತೆ ನೀಲಿಯಾಗುತ್ತದೆ. ಜೇಮ್ಸ್ ಡೈ ಮತ್ತು ಸಂಗಡಿಗರು 1970ರಲ್ಲಿ ಇದನ್ನು ತೋರಿಸಿದರು. 1974ರಲ್ಲಿ ಪಂಜರದಂಥ ಕ್ರಿಪ್ಟಾಂಡ್ ಬಳಸಿ ಋಣ ಸೋಡಿಯಂ ಇರುವ ಚಿನ್ನದ ಬಣ್ಣದ ಹರಳನ್ನೇ ತೆಗೆದರು.

ನೀಲಿ ಬರದಿದ್ದರೆ ಮೊದಲು ಲೋಹದ ಮೈ ನೋಡಿ. ಬೂದು ಪೊರೆ ಇದ್ದರೆ ದ್ರಾವಕ ಒಳಗೆ ತಲುಪುವುದಿಲ್ಲ. ಹಳದಿ ಅಥವಾ ಕಿತ್ತಳೆ ಪೊರೆ ಇದ್ದರೆ ಮುಟ್ಟಲೇಬೇಡಿ, ಚಾಕು ಹಾಕಬೇಡಿ. ಅದು ಸೂಪರ್‌ಆಕ್ಸೈಡ್, ಕೊಯ್ಯುವಾಗ ಸ್ಫೋಟಿಸಬಹುದು. ಆ ತುಂಡನ್ನು ತಿಳಿದವರ ಕೈಗೆ ಒಪ್ಪಿಸಿ.

ನೀಲಿ ಬಂದು ಕೆಲವೇ ನಿಮಿಷದಲ್ಲಿ ಮಾಯವಾದರೆ ಎಲೆಕ್ಟ್ರಾನ್ ತಿನ್ನುವವರು ಯಾರೋ ಒಳಗಿದ್ದಾರೆ. ನೀರು, ಗಾಳಿ ಎಲ್ಲರಿಗೂ ಗೊತ್ತು. ಗೊತ್ತಾಗದೆ ಹೋಗುವುದು ದ್ರಾವಕದ ಸೀಸೆಯಲ್ಲೇ ಬೆರೆಸಿರುವ ಬಿಎಚ್‌ಟಿ. ಪೆರಾಕ್ಸೈಡ್ ಕಟ್ಟದಿರಲಿ ಅಂತ ಕಂಪನಿಯವರು ಹಾಕುವ ಫೀನಾಲ್ ಅದು, ನೀಲಿಯನ್ನು ನುಂಗಿಬಿಡುತ್ತದೆ. ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಇದ್ಯಾವುದೂ ಇಲ್ಲದೆ ನಿಧಾನವಾಗಿ ಮಾಸಿದರೆ ಬಿಸಿ ಕಾರಣ. ಎಲೆಕ್ಟ್ರಾನ್‌ಗಳು ಉಂಗುರದ ಇಂಗಾಲ-ಆಮ್ಲಜನಕ ಬಂಧವನ್ನೇ ಕಡಿಯುತ್ತವೆ. ಸೊನ್ನೆಗಿಂತ 20 ಡಿಗ್ರಿಯಾದರೂ ಕೆಳಗೆ ಇಡಬೇಕು.

ಕೊನೆಯದು ನನಗೆ ಬಹಳ ಹಿಡಿಸಿದ ದೋಷ. ಬಣ್ಣ ನಿಂತಿದೆ, ನೀಲಿಯೂ ಇದೆ, ಆದರೆ ಸ್ಪೆಕ್ಟ್ರಮ್‌ನಲ್ಲಿ (ದ್ರಾವಣ ಯಾವ ಬೆಳಕನ್ನು ಹೀರುತ್ತದೆ ಅಂತ ತೋರಿಸುವ ನಕ್ಷೆ) ಋಣ ಪೊಟ್ಯಾಸಿಯಂ ಇರಬೇಕಾದ 900 ನ್ಯಾನೊಮೀಟರ್ ಹತ್ತಿರದ ಪಟ್ಟಿಯ ಜೊತೆ 700ರ ಆಸುಪಾಸಿನಲ್ಲಿ ಇನ್ನೊಂದು ಪಟ್ಟಿ ಬೆಳೆಯುತ್ತಿದೆ. ಇಂಥದೇ ಪಟ್ಟಿ ಅಮೀನ್ ದ್ರಾವಕದಲ್ಲಿ ಲೋಹ ಕರಗಿಸಿದಾಗಲೂ ಕಾಣುತ್ತಿತ್ತು. ಅದು ಏನು ಅಂತ ಸಂಶೋಧಕರು ವರ್ಷಗಟ್ಟಲೆ ತಲೆಕೆಡಿಸಿಕೊಂಡಿದ್ದರು. 1960ರ ದಶಕದ ಕೊನೆಗೆ ಗೊತ್ತಾಯಿತು: ಅದು ಋಣ ಸೋಡಿಯಂನ ಪಟ್ಟಿ. ಯಾರೂ ಸೋಡಿಯಂ ಹಾಕಿರಲಿಲ್ಲ. ಬೋರೋಸಿಲಿಕೇಟ್ ಗಾಜಿನಲ್ಲಿರುವ ಸೋಡಿಯಂ ಅಯಾನು ಹೊರಗೆ ಬಂದು, ಪೊಟ್ಯಾಸಿಯಂ ಗಾಜಿನೊಳಗೆ ಸೇರಿಕೊಂಡಿತ್ತು. ಆ ಪಟ್ಟಿ ಕಂಡರೆ ಕ್ರೌನ್ ಸೀಸೆಯನ್ನೂ ಲೋಹದ ಡಬ್ಬಿಯನ್ನೂ ಪಕ್ಕಕ್ಕಿಟ್ಟು, ಅದೇ ದ್ರಾವಣವನ್ನು ಕ್ವಾರ್ಟ್ಜ್ ಪಾತ್ರೆಯಲ್ಲಿ ಹೊಸದಾಗಿ ಮಾಡಿ ನೋಡಿ.